ಶೀಶೆಯೊಳಗಿನ ಸ್ವಭಾವ

ಹಾಕಿಕೊಳ್ಳುವ ಸೆಂಟಿನಿಂದ ಮನುಷ್ಯರ ಸ್ವಭಾವ ತಿಳಿಯಬಹುದು ಎಂಬ ಮಾತು ಈಗ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ ಅದನ್ನು ತಡೆದು ನಿಲ್ಲಿಸಿ ವಿಚಾರಿಸುವವರೇ ಇಲ್ಲ. ಮಲ್ಲಿಗೆ, ಗುಲಾಬಿಯಂಥ ಹೂವಿನ ಪರಿಮಳ ಬಯಸುವವರು ಮೃದು ಮನಸ್ಸಿನವರಂತೆ. ನಿಂಬೆ, ಕಿತ್ತಳೆಯ ಜಾತಿಯದು ಬೇಕೆನ್ನುವವರು ಚುರುಕಿನವರಂತೆ. ಶ್ರೀಗಂಧ, ದೇವದಾರು ಹಿಡಿದವರು ಗಂಭೀರರು, ಕಸ್ತೂರಿ ಅಂಬರುಗಳ ಕಡೆ ವಾಲುವವರು ಒಳಗುಟ್ಟು ಬಿಟ್ಟುಕೊಡದವರು. ಅಂಗಡಿಯವನು ಹೀಗೆ ಹೇಳಿದರೆ ಅದು ಅವನ ವ್ಯಾಪಾರ. ಪತ್ರಿಕೆಯೊಂದರ ಪುಟದಲ್ಲಿ ಹತ್ತು ಪ್ರಶ್ನೆಗಳಿಗೆ ಗುರುತು ಹಾಕಿ ‘ನಿಮಗೊಪ್ಪುವ ಸುಗಂಧ’ ಯಾವುದೆಂದು ಹುಡುಕಿಕೊಳ್ಳುವುದು ರಜೆಯ ದಿನದ ಆಟ. ಆದರೆ ನಾವು ಆಟಕ್ಕೇ ನಿಲ್ಲಿಸುವುದಿಲ್ಲ. ಲಿಫ್ಟಿನಲ್ಲಿ ಪಕ್ಕಕ್ಕೆ ನಿಂತವರನ್ನು, ಸಂದರ್ಶನಕ್ಕೆ ಬಂದು ಎದುರು ಕೂತವರನ್ನು, ಹೆಣ್ಣು ನೋಡಲು ಬಂದ ಗಂಡನ್ನು ಮೂಗಿನಿಂದಲೇ ತೂಗಿಬಿಡುತ್ತೇವೆ. ಈ ತೂಕ ಸುಳ್ಳು ಎಂಬುದು ನನ್ನ ವಾದ. ಸೆಂಟು ತನ್ನನ್ನು ಹಾಕಿಕೊಂಡವರ ಸ್ವಭಾವವನ್ನು ಹೊರಗೆ ಹೇಳುವುದಿಲ್ಲ. ಅದು ಅವರ ಮೇಲೆಯೇ ಒಂದಿಷ್ಟು ಕೆಲಸ ಮಾಡುತ್ತದೆ, ಆ ಕೆಲಸದ ಫಲವನ್ನು ಕಂಡು ನಾವು ಸ್ವಭಾವ ಎಂದುಕೊಳ್ಳುತ್ತೇವೆ. ಬಾನುಲಿ ವಾಸನೆಯನ್ನು ಹೊತ್ತು ತರಲಾರದ್ದರಿಂದ ನನಗೊಂದು ಅನುಕೂಲವಿದೆ: ನಾನು ಏನು ಪೂಸಿಕೊಂಡು ಬಂದಿದ್ದೇನೆಂದು ಮೂಸಿ ನನ್ನ ಮಾತಿಗೆ ಬೆಲೆ ಕಟ್ಟಲು ನಿಮಗೆ ಬರುವುದಿಲ್ಲ.

ಮೊದಲು, ಈ ಬಗೆಯ ವರ್ಣನೆಗಳು ನಮಗೇಕೆ ಅಷ್ಟು ನಿಜವೆನಿಸುತ್ತವೆ ಎಂಬುದನ್ನು ನೋಡೋಣ. ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಸ್ವಭಾವ ಪರೀಕ್ಷೆ ಕೊಟ್ಟ. ಕೆಲವು ದಿನ ಬಿಟ್ಟು ಪ್ರತಿಯೊಬ್ಬರ ಕೈಗೂ ಅವರವರ ಹೆಸರು ಬರೆದ ಫಲಿತಾಂಶ ಇಟ್ಟು, ಇದು ನಿಮಗೆ ಎಷ್ಟು ಹೊಂದುತ್ತದೆ, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ. ಸರಾಸರಿ 4.26 ಬಂತು. ಅಷ್ಟೂ ಜನರಿಗೆ ಸಿಕ್ಕಿದ್ದು ಒಂದೇ ಬರಹ, ಅದರ ಬಹುಪಾಲು ವಾಕ್ಯಗಳು ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿಕೊಂಡವು. ಹೊರಗೆ ಧೈರ್ಯವಾಗಿ ಕಂಡರೂ ಒಳಗೆ ಅಳುಕಿದೆ, ಒಮ್ಮೊಮ್ಮೆ ಜನ ಬೇಕೆನಿಸುತ್ತದೆ, ಒಮ್ಮೊಮ್ಮೆ ಏಕಾಂತ ಬೇಕೆನಿಸುತ್ತದೆ ಎಂಬ ಧಾಟಿಯ ಮಾತುಗಳನ್ನು ಅಲ್ಲಗಳೆಯುವ ಮನುಷ್ಯ ಎಲ್ಲಿದ್ದಾನೆ? ಸೆಂಟಿನ ಶೀಶೆಯ ಜೊತೆಗೆ ಬರುವ ವರ್ಣನೆಯನ್ನು ಇದರ ಪಕ್ಕದಲ್ಲಿಟ್ಟು ಓದಿ ನೋಡಿ. ‘ಕೋಮಲ, ಆದರೆ ದೃಢ’, ‘ಸರಳ, ಆದರೂ ನಿಗೂಢ’ ಎಂದಿರುತ್ತದೆ. ಎರಡು ಎದುರುಬದಿರಿನ ಗುಣಗಳನ್ನು ಜೋಡಿಸಿಟ್ಟರೆ ಎಲ್ಲರೂ ಅದರೊಳಗೆ ಹಿಡಿಸುತ್ತಾರೆ. ಒಪ್ಪಿಗೆಯಾಯಿತು ಎಂದಮಾತ್ರಕ್ಕೆ ಅದು ನಮ್ಮೊಬ್ಬರ ಚಿತ್ರವಾಗುವುದಿಲ್ಲ.

ಇದು ಹೊಸ ಕಾಲದ ಜಾಹೀರಾತಿನ ದೋಷ, ನಮ್ಮ ಹಿಂದಿನವರಿಗೆ ಪರಿಮಳದ ನಿಜವಾದ ಮರ್ಮ ಗೊತ್ತಿತ್ತು ಎನ್ನುವವರಿದ್ದಾರೆ. ಗೊತ್ತಿದ್ದದ್ದು ಹೌದು, ಬಹಳವೇ ಗೊತ್ತಿತ್ತು. ವಾತ್ಸ್ಯಾಯನನ ಅರವತ್ತನಾಲ್ಕು ಕಲೆಗಳಲ್ಲಿ ಗಂಧಯುಕ್ತಿಯೂ ಒಂದು. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟ. ಹದಿನಾರು ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿ, ಅವುಗಳ ಪಾಲನ್ನು ಬದಲಿಸುತ್ತ ಹೋದರೆ 1,74,720 ಬಗೆಯ ಸುಗಂಧಗಳಾಗುತ್ತವೆ ಎಂದು ಲೆಕ್ಕವನ್ನೂ ಒಪ್ಪಿಸಿದ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ಹುಡುಕುವುದು, ಗಿಡಮರ ಸಾಕುವುದು, ಅಡುಗೆ ಮಾಡುವುದು ಇವುಗಳ ನಡುವೆಯೇ ಪರಿಮಳ ಕೂಡಿಸುವ ವಿಷಯವೂ ಬರುತ್ತದೆ. ಅಲ್ಲಿಂದ ಒಂದು ಶತಮಾನ ಕಳೆದು ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಲೇಪನವನ್ನೂ ಧೂಪವನ್ನೂ ಅರಸನ ಭೋಗಗಳ ಸಾಲಿನಲ್ಲಿಟ್ಟು ವಿವರಿಸಿದ. ಇಷ್ಟೆಲ್ಲ ಬಲ್ಲವರು ಪರಿಮಳವನ್ನು ಹೊಂದಿಸುತ್ತಿದ್ದದ್ದು ಯಾವುದಕ್ಕೆ? ಋತುವಿಗೆ, ಹೊತ್ತಿಗೆ, ಸಂದರ್ಭಕ್ಕೆ. ವಾಗ್ಭಟನ ಋತುಚರ್ಯೆ ಬೇಸಿಗೆಗೆ ಚಂದನ ಕರ್ಪೂರಗಳನ್ನು ಹೇಳುತ್ತದೆ, ಚಳಿಗೆ ಕುಂಕುಮಕೇಸರಿ ಮತ್ತು ಅಗರುವಿನ ಧೂಪವನ್ನು ಹೇಳುತ್ತದೆ. ಕನೌಜಿನ ಅತ್ತರನ್ನು ಮಾರುವವರ ಮಾತು ಇಂದಿಗೂ ಅದೇ ಜಾಡಿನದು. ಸೆಕೆಗಾಲಕ್ಕೆ ಲಾವಂಚ, ಗುಲಾಬಿ, ಕೇದಗೆ ಮತ್ತು ಒಣಮಣ್ಣಿನ ಮೇಲೆ ಮೊದಲ ಮಳೆ ಬಿದ್ದ ವಾಸನೆಯನ್ನು ಹಿಡಿದಿಟ್ಟ ಮಿಟ್ಟಿ ಅತ್ತರು. ಚಳಿಗಾಲಕ್ಕೆ ಹೀನಾ, ಶಮಾಮಾ. ಅದೇ ಮನುಷ್ಯ ಚೈತ್ರದಲ್ಲೊಂದು, ಪುಷ್ಯದಲ್ಲೊಂದು ಹಾಕಿಕೊಳ್ಳುತ್ತಾನೆ. ಅವನ ಸ್ವಭಾವವೇನೂ ಆರು ತಿಂಗಳಿಗೊಮ್ಮೆ ಮಗುಚಿಕೊಳ್ಳುವುದಿಲ್ಲ.

ಆಯುರ್ವೇದದಲ್ಲಿ ಪ್ರಕೃತಿ ಎಂಬುದಿದೆಯಲ್ಲ, ಪಿತ್ತ ಪ್ರಕೃತಿಯವರಿಗೆ ಚಂದನ ಹೇಳುತ್ತಾರಲ್ಲ, ಅದು ಸ್ವಭಾವಕ್ಕೆ ತಕ್ಕ ಸುಗಂಧವೇ ಆಯಿತಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ನಡೆಯುವುದು ಚಿಕಿತ್ಸೆ. ಕಾವು ಹೆಚ್ಚಿದ ಮೈಗೆ ತಂಪು, ತಂಡಿಯ ಮೈಗೆ ಬಿಸಿ. ಈ ತರ್ಕವನ್ನು ಕೊನೆಯವರೆಗೆ ಎಳೆದರೆ ಒಬ್ಬರ ಮೈಮೇಲಿನ ಪರಿಮಳ ಅವರ ಪ್ರಕೃತಿಗೆ ತದ್ವಿರುದ್ಧವಾಗಿರಬೇಕು. ಗಂಧ ತೇದು ಹಚ್ಚಿಕೊಂಡವರನ್ನು ಕಂಡು ‘ಎಂಥ ಶಾಂತಮೂರ್ತಿ’ ಎನ್ನುವ ಬದಲು ‘ಇವರಿಗೆ ಕಾವು ಜಾಸ್ತಿ ಇದ್ದೀತು’ ಎಂದು ಊಹಿಸುವುದೇ ಶಾಸ್ತ್ರಕ್ಕೆ ಹತ್ತಿರ.

ಹಾಗಾದರೆ ಒಬ್ಬರಿಗೊಂದು ಶೀಶೆ, ಒಂದು ಶೀಶೆಗೊಂದು ವ್ಯಕ್ತಿತ್ವ ಎಂಬ ಕಲ್ಪನೆ ಎಲ್ಲಿಂದ ಬಂತು? ನನಗೆ ಕಾಣುವಂತೆ ರಸಾಯನಶಾಲೆಯಿಂದ. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕೂಮರಿನ್ ಎಂಬ ಪರಿಮಳದ್ರವ್ಯವನ್ನು ಕೃತಕವಾಗಿ ತಯಾರಿಸಿದ. ಒಣಗಿದ ಹುಲ್ಲಿನ ಸಿಹಿ ವಾಸನೆ ಅದರದು. 1882ರಲ್ಲಿ ಪ್ಯಾರಿಸಿನ ಊಬಿಗಾನ್ ಸಂಸ್ಥೆ ಅದನ್ನು ಬಳಸಿ ‘ಫೂಜೆರ್ ರೊಯಾಲ್’ ಹೊರತಂದಿತು. ಹೆಸರಿನಲ್ಲಿ ಜರೀಗಿಡವಿದೆ, ಆದರೆ ಜರೀಗಿಡಕ್ಕೆ ಹೇಳಿಕೊಳ್ಳುವಂಥ ಪರಿಮಳವೇ ಇಲ್ಲ. ಅಲ್ಲಿಂದ ಮುಂದೆ ಸುಗಂಧಕ್ಕೆ ಯಾವ ಹೂವನ್ನೂ ಹೋಲಬೇಕಾದ ಹಂಗು ಉಳಿಯಲಿಲ್ಲ. 1921ರಲ್ಲಿ ಬಂದ ಶನೆಲ್ ನಂಬರ್ 5 ಇನ್ನೂ ಮುಂದೆ ಹೋಯಿತು. ಎರ್ನೆಸ್ಟ್ ಬೋ ಎಂಬ ಸುಗಂಧಕಾರ ಸಂಖ್ಯೆ ಹಾಕಿದ ಕೆಲವು ಮಾದರಿಗಳನ್ನು ಮುಂದಿಟ್ಟ, ಗೇಬ್ರಿಯಲ್ ಶನೆಲ್ ಐದನೆಯದನ್ನು ಆರಿಸಿಕೊಂಡು ಸಂಖ್ಯೆಯನ್ನೇ ಹೆಸರಾಗಿಸಿದಳು. ಅದರಲ್ಲಿ ಮಲ್ಲಿಗೆಯ ಜಾತಿಯ ಹೂವಿದೆ, ಗುಲಾಬಿಯಿದೆ, ಜೊತೆಗೆ ಆಲ್ಡಿಹೈಡುಗಳೆಂಬ ರಾಸಾಯನಿಕಗಳ ಧಾರಾಳ ಪ್ರಮಾಣವಿದೆ. ಮೂಸಿದವರಿಗೆ ಇದು ಇಂಥದೇ ಹೂವು ಎಂದು ಹೇಳಲಾಗುವುದಿಲ್ಲ. ಹೂವಿನ ಹೆಸರು ಹೇಳಿ ಮಾರಲಾಗದ ಸರಕನ್ನು ಮಾರುವುದು ಹೇಗೆ? ಹಾಕಿಕೊಳ್ಳುವವರ ಹೆಸರಿನಲ್ಲಿ. ‘ಇದು ಗುಲಾಬಿಯ ವಾಸನೆ’ ಎಂದು ಹೇಳುತ್ತಿದ್ದ ಜಾಗದಲ್ಲಿ ‘ಇದು ಇಂಥ ಹೆಣ್ಣಿನ ವಾಸನೆ’ ಎಂಬ ಮಾತು ಬಂದು ಕೂತಿತು. ಸ್ವಭಾವವನ್ನು ಶೀಶೆಗೆ ತುಂಬಿದ್ದು ಹೀಗೆ, ಮಾರಾಟದ ಅಗತ್ಯಕ್ಕೆ.

ಆ ತುಂಬಿಸುವಿಕೆ ಎಷ್ಟು ಮನಸೋ ಇಚ್ಛೆಯದು ಎಂಬುದಕ್ಕೆ ಗುಲಾಬಿಯೇ ಸಾಕ್ಷಿ. ಇಂದಿನ ಅಂಗಡಿಗಳು ಗುಲಾಬಿಯನ್ನು ಬಹುಮಟ್ಟಿಗೆ ಹೆಂಗಸರ ಕಪಾಟಿಗೆ ಹಾಕಿವೆ. ಜಹಾಂಗೀರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಕೊಂಡಾಡಿರುವುದು ಗುಲಾಬಿ ಅತ್ತರನ್ನೇ. ಅದನ್ನು ಕಂಡುಹಿಡಿದ ಕೀರ್ತಿಯನ್ನು ಅವನು ನೂರ್‌ಜಹಾನಳ ತಾಯಿಗೆ ಕೊಟ್ಟಿದ್ದಾನೆ, ಆ ಅತ್ತರಿಗೆ ಇಟ್ಟ ಹೆಸರಲ್ಲಿ ಮಾತ್ರ ತಾನೇ ಇದ್ದಾನೆ. ಅರಬ್ ದೇಶಗಳಲ್ಲಿ ಗಂಡಸರು ಗುಲಾಬಿಯನ್ನೂ ಅಗರುವನ್ನೂ ಸಂಕೋಚವಿಲ್ಲದೆ ಹಾಕಿಕೊಳ್ಳುತ್ತಾರೆ. ನೆಪೋಲಿಯನ್ ನಿಂಬೆ ಕಿತ್ತಳೆಗಳ ಕೊಲೋನ್ ನೀರನ್ನು ಮೈಮೇಲೆ ಸುರಿದುಕೊಳ್ಳುತ್ತಿದ್ದವನು. ಮೃದು, ಕಠಿಣ, ಗಂಡು, ಹೆಣ್ಣು ಎಂಬುದು ಹೂವಿನಲ್ಲಿದ್ದಿದ್ದರೆ ಕಾಲ ದೇಶಗಳು ಬದಲಾದ ಹಾಗೆಲ್ಲ ಅದು ಬದಲಾಗುತ್ತಿರಲಿಲ್ಲ.

ನಮ್ಮಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಮೊದಲ ಮಹಾಯುದ್ಧದಿಂದ ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತು ಕೊರಡುಗಳು ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಇಲ್ಲಿಯೇ ಎಣ್ಣೆ ತೆಗೆಯಲು ಹೊರಟಿತು. ಅದರ ಬೆನ್ನಿಗೇ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಅದರ ಪರಿಮಳವನ್ನು ಕೂಡಿಸಿದವರು. ಒಂದು ನೂರು ವರ್ಷಕ್ಕೂ ಮಿಕ್ಕಿ ಈ ನಾಡಿನ ಲಕ್ಷಾಂತರ ಮಂದಿ ಬೆಳಿಗ್ಗೆ ಅದೇ ಗಂಧ ಹೊತ್ತು ಬಚ್ಚಲಿನಿಂದ ಹೊರಬಂದಿದ್ದಾರೆ. ಮುಂಗೋಪಿಗಳು, ಪರಮ ಸಮಾಧಾನಿಗಳು, ಜುಗ್ಗರು, ಕೊಡುಗೈಯವರು ಎಲ್ಲರೂ ಅವರಲ್ಲಿದ್ದಾರೆ. ಒಂದೇ ಮನೆಯಲ್ಲಿ ಒಂದೇ ಬಿಲ್ಲೆ ಸವೆಸಿದವರ ನಡುವೆಯೂ ಸ್ವಭಾವದಲ್ಲಿ ಹೊಂದಾಣಿಕೆ ಇರುವುದಿಲ್ಲ ಎಂಬುದು ಸಂಸಾರಸ್ಥರಿಗೆ ಹೇಳಿ ತಿಳಿಸಬೇಕಾದ ಸಂಗತಿಯಲ್ಲ. ಸೋಪು ಮನೆಗೆಂದು ತಂದದ್ದು, ಸೆಂಟು ತಾನಾಗಿ ಆರಿಸಿಕೊಂಡದ್ದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ ಎನ್ನುತ್ತೀರೇನೋ. ಸೆಂಟಿನ ಆಯ್ಕೆಯನ್ನೇ ಪರಿಶೀಲಿಸಿ. ಎಷ್ಟೋ ಶೀಶೆಗಳು ಉಡುಗೊರೆಯಾಗಿ ಬಂದವು, ವಿದೇಶದಿಂದ ನೆಂಟರು ತಂದವು, ರಿಯಾಯಿತಿಯಲ್ಲಿ ಸಿಕ್ಕವು. ತಾವೇ ಹೋಗಿ ಕೊಂಡವರು ಕೂಡ ಕಾಗದದ ಪಟ್ಟಿಯ ಮೇಲೆ ಸಿಂಪಡಿಸಿದ್ದನ್ನು ಮೂಸಿ, ಎರಡು ಮೂರು ನಿಮಿಷದಲ್ಲಿ ತೀರ್ಮಾನಿಸಿದವರು. ನಿಂಬೆಯಂಥ ಹಗುರ ದ್ರವ್ಯಗಳು ಬೇಗ ಹಾರಿಹೋಗುತ್ತವೆ, ಗಂಧ, ಕಸ್ತೂರಿ, ರಾಳದಂಥ ಭಾರದವು ಗಂಟೆಗಟ್ಟಲೆ ಉಳಿಯುತ್ತವೆ. ಕೊಂಡದ್ದು ಹಾರಿಹೋಗುವ ಭಾಗವನ್ನು ಮೆಚ್ಚಿ, ದಿನವಿಡೀ ಹೊತ್ತು ತಿರುಗುವುದು ತಳದಲ್ಲಿ ಉಳಿಯುವ ಭಾಗವನ್ನು.

ಈಗ ಎದುರು ಪಕ್ಷದ ಅತಿ ಗಟ್ಟಿ ಪುರಾವೆಗೆ ಬರುತ್ತೇನೆ. 2001ರಲ್ಲಿ ಮಾನ್‌ಫ್ರೆಡ್ ಮಿಲಿನ್‌ಸ್ಕಿ ಮತ್ತು ಕ್ಲಾಸ್ ವೆಡೆಕಿಂಡ್ ಪ್ರಕಟಿಸಿದ ಒಂದು ಅಧ್ಯಯನವಿದೆ. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಕೆಲವು ವಂಶವಾಹಿಗಳು ಮನುಷ್ಯರಿಂದ ಮನುಷ್ಯರಿಗೆ ಬಹಳ ಬೇರೆಯಾಗಿರುತ್ತವೆ. ಅವುಗಳ ಗುರುತು ಹಿಡಿಯಲಾಗಿದ್ದ 137 ವಿದ್ಯಾರ್ಥಿಗಳಿಗೆ 36 ಪರಿಮಳಗಳನ್ನು ಮೂಸಲು ಕೊಟ್ಟು, ನಿಮ್ಮ ಮೈ ಹೀಗೆ ಘಮಘಮಿಸಿದರೆ ಇಷ್ಟವೇ ಎಂದು ಕೇಳಿದರು. ಉತ್ತರಗಳಿಗೂ ಆ ವಂಶವಾಹಿಗಳಿಗೂ ನಂಟು ಕಂಡಿತು. ಪ್ರಾಗ್‌ನಲ್ಲಿ ಲೆನೊಖೊವಾ ಮತ್ತು ಜೊತೆಗಾರರು 2012ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯದ್ದು. ಒಬ್ಬರ ಕಂಕುಳ ವಾಸನೆಗೆ ಅವರೇ ಆರಿಸಿಕೊಂಡ ಸೆಂಟು ಬೆರೆತಾಗ ಬರುವ ಮಿಶ್ರಣವು, ಸಂಶೋಧಕರು ಕೊಟ್ಟ ಸೆಂಟು ಬೆರೆತಾಗ ಬರುವುದಕ್ಕಿಂತ ಮೂಸಿದವರಿಗೆ ಹಿತವಾಗಿ ತೋರಿತು. ಅಂದರೆ ನಾವು ಆರಿಸುವಾಗ ನಮಗೇ ಅರಿವಿಲ್ಲದೆ ನಮ್ಮ ಮೈವಾಸನೆಗೆ ಹೊಂದುವುದನ್ನು ಹುಡುಕುತ್ತೇವೆ ಎಂದಾಯಿತು. ಇದನ್ನು ನಾನು ಒಪ್ಪುತ್ತೇನೆ, ಸಂತೋಷದಿಂದಲೇ ಒಪ್ಪುತ್ತೇನೆ. ಆದರೆ ಇಲ್ಲಿ ಮಾತಾಡುತ್ತಿರುವುದು ಚರ್ಮ ಮತ್ತು ರಕ್ತ. ರೋಗನಿರೋಧಕ ವಂಶವಾಹಿಗೆ ಹಾಸ್ಯಪ್ರಜ್ಞೆ ಇಲ್ಲ, ಔದಾರ್ಯವಿಲ್ಲ, ಹೊಟ್ಟೆಕಿಚ್ಚೂ ಇಲ್ಲ. ಮೈಗೆ ಒಪ್ಪುವುದು ಬೇರೆ, ಸ್ವಭಾವವನ್ನು ಸಾರುವುದು ಬೇರೆ.

ಸ್ವಭಾವವನ್ನೇ ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. ಪೋಲೆಂಡಿನ ಅಗ್ನಿಯೆಷ್ಕಾ ಸೊರೊಕೊವ್ಸ್ಕಾ ಮತ್ತು ಸಂಗಡಿಗರು 2012ರಲ್ಲಿ, ಸೆಂಟು ಸೋಪುಗಳಿಲ್ಲದೆ ಮೂರು ರಾತ್ರಿ ತೊಟ್ಟು ಮಲಗಿದ ಹತ್ತಿಯ ಅಂಗಿಗಳನ್ನು ಅಪರಿಚಿತರಿಗೆ ಮೂಸಲು ಕೊಟ್ಟರು. ಅಂಗಿಯವರ ಗುಣಗಳನ್ನು ಅವರು ಊಹಿಸಿದ್ದಕ್ಕೂ ಅಂಗಿಯವರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದಕ್ಕೂ ಕೆಲವು ಗುಣಗಳಲ್ಲಿ ತಾಳೆ ಕಂಡಿತು. ತೀರ ಸಣ್ಣ ತಾಳೆ, ಆದರೂ ಬರೀ ಆಕಸ್ಮಿಕ ಎನ್ನುವಂತಿರಲಿಲ್ಲ. ಈ ಸುದ್ದಿಯನ್ನು ಸೆಂಟು ಮಾರುವವರು ಸಂಭ್ರಮದಿಂದ ಎತ್ತಿಕೊಳ್ಳಬಹುದು. ಅವರು ಅದೇ ತಂಡದ 2016ರ ಅಧ್ಯಯನವನ್ನೂ ಓದಬೇಕು. ಈ ಸಲ 113 ಮಂದಿ ಎರಡೆರಡು ಮಾದರಿ ಕೊಟ್ಟರು, ಒಂದು ಬರೀ ಮೈವಾಸನೆ, ಇನ್ನೊಂದು ದಿನನಿತ್ಯದ ಸುಗಂಧ ಸಾಮಗ್ರಿಗಳನ್ನು ಬಳಸಿದ ಮೇಲಿನದು. ಸುಗಂಧ ಬೆರೆತ ಮಾದರಿ ಹೆಚ್ಚು ಹಿತವಾಗಿತ್ತು, ನಿಜ. ಆದರೆ ಮನಸ್ಸಿನ ತಳಮಳ ಮತ್ತು ದಬ್ಬಾಳಿಕೆಯ ಗುಣ, ಈ ಎರಡರ ಊಹೆಯೂ ಸುಗಂಧ ಬೆರೆತಾಗ ಮೊದಲಿಗಿಂತ ದುರ್ಬಲವಾಯಿತು. ಇನ್ನು ಜನರೊಡನೆ ಬೆರೆಯುವ ಸ್ವಭಾವವನ್ನು ಈ ಸಲ ಯಾವ ಮಾದರಿಯಿಂದಲೂ ಊಹಿಸಲಾಗಲಿಲ್ಲ. ನನ್ನ ವಾದಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಮೈ ಏನೋ ಪಿಸುಗುಟ್ಟುತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಸೆಂಟು ಬಂದು ಆ ಪಿಸುಮಾತನ್ನು ಅಷ್ಟರಮಟ್ಟಿಗೆ ಮುಚ್ಚಿತು.

ಕೇಳಿಸಿಕೊಳ್ಳುವವರ ಕಡೆಯಿಂದಲೂ ತೊಂದರೆಯಿದೆ. ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ 1991ರಲ್ಲಿ ವಾಸನೆಯ ಗ್ರಾಹಕಗಳ ವಂಶವಾಹಿಗಳನ್ನು ಗುರುತಿಸಿದರು, ಅದಕ್ಕಾಗಿ 2004ರಲ್ಲಿ ನೊಬೆಲ್ ಬಂತು. ಮನುಷ್ಯನ ಮೂಗಿನಲ್ಲಿ ಕೆಲಸ ಮಾಡುವ ಸುಮಾರು 400 ಬಗೆಯ ಗ್ರಾಹಕಗಳಿವೆ, ಇಬ್ಬರ ಮೂಗಿನಲ್ಲಿ ಅವು ಒಂದೇ ಸಮನಾಗಿರುವುದಿಲ್ಲ. ಬೆವರಿನಲ್ಲಿ ಸಿಗುವ ಆಂಡ್ರೊಸ್ಟೀನೋನ್ ಎಂಬುದು ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ಸಿಹಿ ಪರಿಮಳ, ಇನ್ನು ಕೆಲವರಿಗೆ ಏನೂ ಇಲ್ಲ. ಈ ವ್ಯತ್ಯಾಸದ ಒಂದು ಪಾಲು ಒಂದೇ ಒಂದು ಗ್ರಾಹಕದ ವಂಶವಾಹಿಯಿಂದ ಬರುತ್ತದೆಂದು 2007ರಲ್ಲಿ ಗೊತ್ತಾಯಿತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ಗಾದೆ ಬೈಯುತ್ತದೆ. ಕೃತಕ ಕಸ್ತೂರಿಗಳಲ್ಲಿ ಕೆಲವು ಮನುಷ್ಯರಲ್ಲೇ ಎಷ್ಟೋ ಮಂದಿಯ ಮೂಗಿಗೆ ತಟ್ಟುವುದಿಲ್ಲ, ಅವರು ಯಾರೂ ಕತ್ತೆಗಳಲ್ಲ. ಹೀಗಿರುವಾಗ ಹಾಕಿಕೊಂಡವರು ಕಳಿಸಿದ ಸಂದೇಶವೇ ನಮಗೆ ತಲುಪಿತೆಂದು ನಂಬುವುದು ಹೇಗೆ? ಇದರ ಮೇಲೆ ನೆನಪಿನ ಕಾಟ ಬೇರೆ. ಬಾಲ್ಯದಲ್ಲಿ ಹೊಡೆಯುತ್ತಿದ್ದ ಮೇಷ್ಟರು ಯಾವ ಸೆಂಟು ಹಾಕುತ್ತಿದ್ದರೋ, ಅದನ್ನು ಹಾಕಿಕೊಂಡ ಸಾಧುಮನುಷ್ಯ ಕೂಡ ಒಬ್ಬರಿಗೆ ಕಠೋರನಾಗಿ ಕಾಣುತ್ತಾನೆ. ಆ ತೀರ್ಪಿನಲ್ಲಿರುವುದು ಮೂಸಿದವರ ಚರಿತ್ರೆ.

ಸೆಂಟಿಗೆ ಯಾವ ಪರಿಣಾಮವೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಪರಿಣಾಮ ಇದೆ, ಅದು ಬೇರೆ ದಾರಿಯಿಂದ ಬರುತ್ತದೆ. ಲಿವರ್‌ಪೂಲಿನ ಕ್ರೇಗ್ ರಾಬರ್ಟ್ಸ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಯುವಕರಿಗೆ ಪರಿಮಳವಿರುವ ಸ್ಪ್ರೇ, ಕೆಲವರಿಗೆ ಪರಿಮಳವಿಲ್ಲದ್ದು ಕೊಟ್ಟರು. ಪರಿಮಳ ಸಿಕ್ಕವರಿಗೆ ತಮ್ಮ ಮೇಲೆ ತಮಗೆ ಭರವಸೆ ಹೆಚ್ಚಾಯಿತು. ಆಮೇಲೆ ಅವರ ಧ್ವನಿಯಿಲ್ಲದ ವೀಡಿಯೊಗಳನ್ನು ಯುವತಿಯರಿಗೆ ತೋರಿಸಿದರು. ವೀಡಿಯೊದಲ್ಲಿ ವಾಸನೆ ಇರುವುದಿಲ್ಲವಲ್ಲ, ಆದರೂ ಪರಿಮಳ ಹಾಕಿಕೊಂಡವರೇ ಹೆಚ್ಚು ಆಕರ್ಷಕರಾಗಿ ಕಂಡರು. ಅವರದೇ ನಿಶ್ಚಲ ಫೋಟೊಗಳಲ್ಲಿ ಆ ವ್ಯತ್ಯಾಸ ಇರಲಿಲ್ಲ. ಬದಲಾದದ್ದು ಮುಖವಲ್ಲ, ನಡೆ, ನಿಲುವು, ಕತ್ತು ಎತ್ತುವ ರೀತಿ. ಯಕ್ಷಗಾನದಲ್ಲಿ ಕಿರೀಟ, ಭುಜಕೀರ್ತಿ ಏರಿದ ಮೇಲೆ ಕಲಾವಿದನ ಹೆಜ್ಜೆಯ ಭಾರವೇ ಬೇರೆಯಾಗುತ್ತದೆ. ಸೆಂಟು ಮಾಡುವುದು ಅಂಥದೇ ಕೆಲಸ. ಅವನನ್ನು ಚೌಕಿಯಲ್ಲಿ ಕಂಡವರು ಕಿರೀಟದಿಂದ ಅವನ ಮನೆಯ ಸ್ವಭಾವವನ್ನು ಊಹಿಸಲು ಹೋಗುವುದಿಲ್ಲ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಯಾವ ವೇಷ ಆರಿಸಿಕೊಂಡರು ಎಂಬುದರಲ್ಲಾದರೂ ಅವರ ಆಸೆ ಕಾಣುವುದಿಲ್ಲವೇ? ಕಾಣಬಹುದು. ಆದರೆ ಆಸೆ ಎಂಬುದು ತನ್ನಲ್ಲಿ ಇಲ್ಲವೆಂದು ಅನಿಸಿದ್ದರ ಕಡೆಗೆ ಹೋಗುವುದೇ ಹೆಚ್ಚು. ಅಧೈರ್ಯದವರು ಧೈರ್ಯದ ಜಾಹೀರಾತಿನ ಶೀಶೆ ಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಮೂಸಿದವರು ಅವರನ್ನು ಧೈರ್ಯವಂತರೆಂದು ಲೆಕ್ಕ ಹಾಕಿದರೆ ತಪ್ಪಿದ್ದು ಮೂಸಿದವರು.

ಕೊನೆಯದಾಗಿ, ಯಾವುದು ಎಂಬುದು ಹೋಗಲಿ, ಎಷ್ಟು ಎಂಬುದರಲ್ಲಿ ಸ್ವಭಾವ ಇದ್ದೇ ಇದೆ ಎನ್ನುವವರಿಗೆ. ಬಸ್ಸು ಹತ್ತಿದ ಕೂಡಲೇ ಹಿಂದಿನ ಸೀಟಿನವರೆಗೂ ಹಬ್ಬುವಷ್ಟು ಸಿಂಪಡಿಸಿಕೊಂಡವರು ಆಡಂಬರದವರು, ಪರರ ಪರಿವೆ ಇಲ್ಲದವರು ಎಂದು ಹೇಳಲು ನನಗೂ ನಾಲಿಗೆ ತುರಿಸುತ್ತದೆ. ಆದರೆ ಮೂಗಿನ ಗುಣ ಇದಕ್ಕೂ ಅಡ್ಡ ಬರುತ್ತದೆ. ಎಡೆಬಿಡದೆ ಬರುವ ವಾಸನೆಯನ್ನು ಮೂಗು ಸ್ವಲ್ಪ ಹೊತ್ತಿನಲ್ಲೇ ಗಮನಿಸುವುದು ಬಿಡುತ್ತದೆ. ವರ್ಷಗಟ್ಟಲೆ ಒಂದೇ ಸೆಂಟು ಹಾಕಿಕೊಂಡವರಿಗೆ ಅದು ಇದೆಯೋ ಇಲ್ಲವೋ ಎಂಬ ಅನುಮಾನ ಬಂದು ಇನ್ನೊಂದು ಸಲ ಒತ್ತಿಕೊಳ್ಳುತ್ತಾರೆ. ವಯಸ್ಸಾದಂತೆ ವಾಸನೆಯ ಶಕ್ತಿಯೂ ಕುಂದುತ್ತದೆ. ಬಸ್ಸಿನಲ್ಲಿ ನಾವು ಶೋಕಿಯವರೆಂದು ಮುಖ ಸಿಂಡರಿಸಿದ ಆ ಹಿರಿಯರು ತಮ್ಮ ಸೆಂಟನ್ನು ತಾವೇ ಅರಿಯಲಾರದ ಸ್ಥಿತಿಯಲ್ಲಿರಬಹುದು. ಹೊರಡುವ ಮೊದಲು ಮನೆಯಲ್ಲಿ ಇನ್ನೊಬ್ಬರ ಮೂಗನ್ನು ಕೇಳಿಕೊಂಡಿದ್ದರೆ ಆಗುತ್ತಿತ್ತು, ಕೇಳಲು ಮನೆಯಲ್ಲಿ ಯಾರಾದರೂ ಇರಬೇಕಷ್ಟೆ.